ಹಳೆಯ ಬೆಂಕಿಪೊಟ್ಟಣದ ಲೇಬಲ್: ಹರಿಯದೆ ಬಿಡಿಸುವುದು ಹೇಗೆ, ಕೆಡದೆ ಇಡುವುದು ಹೇಗೆ

ಲೇಬಲ್ ಕೂಡಿಡಲು ಶುರು ಮಾಡಿದವರು ಆಲ್ಬಮ್ ತಂದು ತೋರಿಸಿದಾಗ ನಾನು ಮೊದಲು ನೋಡುವುದು ಲೇಬಲ್‌ನ ಬೆನ್ನನ್ನು. ಬಹಳಷ್ಟು ಸಲ ಬೇಸರವಾಗುತ್ತದೆ. ಕಾಗದ ಸಿಪ್ಪೆ ಎದ್ದಿರುತ್ತದೆ, ಮೂಲೆ ಹೋಗಿರುತ್ತದೆ, ಬೆನ್ನಿಗೆ ಗಮ್ ಟೇಪಿನ ಹಳದಿ ಕಲೆ ಬೇರೆ. ಅಡುಗೆಮನೆ, ಗೋದಾಮು, ಗುಜರಿ ಅಂಗಡಿ ಎಲ್ಲ ದಾಟಿ ಅರವತ್ತು ವರ್ಷ ಉಳಿದ ಕಾಗದ ಒಂದೇ ಸಂಜೆಯಲ್ಲಿ ಹಾಳಾಗಿರುತ್ತದೆ. ಕೊಳ್ಳುವುದು ಸುಲಭ, ಬಿಡಿಸುವುದೇ ಕಷ್ಟ. ಹಾಗಾಗಿ ಇಲ್ಲಿ ಬಿಡಿಸುವ ಕೆಲಸಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು: ಯಾವುದನ್ನು ಕೂಡಿಡಬೇಕು?

1950 ಮತ್ತು 60ರ ದಶಕದ ಚೆಕೊಸ್ಲೊವಾಕಿಯಾ ಲೇಬಲ್‌ಗಳಿಂದ ಶುರು ಮಾಡಿ. ಸುಶಿತ್ಸೆ ಊರಿನ ಸೋಲೋ ಕಾರ್ಖಾನೆಯವು ತುಂಬ ಸಿಗುತ್ತವೆ. ರಸ್ತೆ ಸುರಕ್ಷತೆ, ಹಣ ಉಳಿತಾಯ, ಮೃಗಾಲಯದ ಪ್ರಾಣಿಗಳು, ಬೆಂಕಿ ಬಗ್ಗೆ ಎಚ್ಚರಿಕೆ ಹೀಗೆ ಒಂದೊಂದು ವಿಷಯಕ್ಕೆ ಒಂದೊಂದು ಸೆಟ್ ಇರುತ್ತದೆ. ಸುಮಾರು ಐದು ಸೆಂಟಿಮೀಟರ್ ಉದ್ದದ ಅಗ್ಗದ ಕಾಗದ, ಎರಡೋ ಮೂರೋ ಬಣ್ಣ. ಬಣ್ಣಕ್ಕೊಂದು ಪ್ಲೇಟ್ ಬೇಕಾದ್ದರಿಂದ ಕಲಾವಿದರು ಬೇಡದ್ದನ್ನೆಲ್ಲ ಬಿಟ್ಟರು. ಎರಡು ತ್ರಿಕೋನ, ಒಂದು ಚುಕ್ಕೆ ಇಟ್ಟರೆ ಮೀನು! ಆ ಕಾಲದ ಆಧುನಿಕ ವಿನ್ಯಾಸ ಏನೆಂದು ಅರಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಪೋಲೆಂಡಿನವೂ ಇಷ್ಟೇ ಚೆನ್ನ.

ನಮ್ಮ ದೇಶದವನ್ನೂ ಜೊತೆಗಿಡಿ. ಶಿವಕಾಶಿಯಲ್ಲಿ ಬೆಂಕಿಕಡ್ಡಿ ಉದ್ಯಮ ಶುರುವಾದದ್ದು 1920ರ ದಶಕದಲ್ಲಿ. ಸ್ವೀಡನ್ ಮೂಲದ ವಿಮ್ಕೊ ಕಂಪನಿಯೂ ಅದೇ ದಶಕದ್ದು. ನಮ್ಮ ಲೇಬಲ್‌ಗಳ ದೇವರು, ಹುಲಿ, ಹಡಗು, ತಾವರೆಗಳ ದಾರಿ ಬೇರೆಯೇ. ಎರಡನ್ನೂ ಒಂದೇ ಪುಟದಲ್ಲಿ ಇಟ್ಟು ನೋಡಿದರೆ ಕಣ್ಣು ಬೇಗ ಪಳಗುತ್ತದೆ.

ಕೊಳ್ಳುವಾಗ

ಬೆಂಗಳೂರಿನವರು ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಸಾಲು, ಭಾನುವಾರದ ಸಂಡೇ ಬಜಾರ್ ಸುತ್ತಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಜೇಬಿನಲ್ಲಿರಲಿ. ಮೇಲೆ ಹೇಳಿದಂಥ ಎರಡು ಮೂರು ಬಣ್ಣದ ಲೇಬಲ್‌ನಲ್ಲಿ ಬಣ್ಣ ಗಟ್ಟಿಯಾಗಿ ಕೂತಿರುತ್ತದೆ. ಒಂದು ಬಣ್ಣ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿರುವುದೂ ಉಂಟು. ಅಂಥದರಲ್ಲಿ ಕಂದು ಬಣ್ಣವೆಲ್ಲ ನೀಲಿ, ಗುಲಾಬಿ, ಹಳದಿ ಚುಕ್ಕೆಗಳಾಗಿ ಕಂಡರೆ ಅದು ಇತ್ತೀಚಿನ ನಕಲು. ಇಟ್ಟುಬಿಡಿ. ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ಕೂಡ ಉಪಯೋಗಕ್ಕೆ ಬರುತ್ತದೆ. 1940ರ ದಶಕದ್ದು ಎಂದು ಮಾರುವ ಕಾಗದ ಟಾರ್ಚಿನಡಿ ನೀಲಿ ಬಿಳುಪಾಗಿ ಹೊಳೆದರೆ ನಂಬಬೇಡಿ. ಹಾಗೆ ಹೊಳೆಯುವ ರಾಸಾಯನಿಕ ಕಾಗದಕ್ಕೆ ಬಂದದ್ದು ಆಮೇಲೆ.

ಕಾಲ ಹೇಳಲು ವಿಳಾಸ ಓದಿ. ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಳೆಯದಲ್ಲ. ತಮಿಳುನಾಡು ಎಂದಿದ್ದರೆ 1960ರ ದಶಕದ ಕೊನೆಯದೋ ಆಮೇಲಿನದೋ. ನಯಾ ಪೈಸೆ ಎಂದಿದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನದಲ್ಲ. ಹಳೇ ಹೆಸರನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಮದ್ರಾಸ್ ರಾಜ್ಯ, ಮೈಸೂರು ರಾಜ್ಯ ಎಂದಿದ್ದ ಬ್ಲಾಕನ್ನೇ ಮುದ್ರಕರು ಆಮೇಲೂ ಓಡಿಸಿರಬಹುದು, ಅಲ್ವಾ? ಹೊಸ ಗುರುತು ಗಟ್ಟಿ ಸಾಕ್ಷಿ, ಹಳೆಯದು ಬರೀ ಸುಳಿವು.

ಬಿಡಿಸುವ ಮುನ್ನ

ಪೊಟ್ಟಣ ಪೂರ್ತಿಯಾಗಿದ್ದರೆ ಬಿಡಿಸಲೇಬೇಡಿ. ಒಳಗಿನ ಡಬ್ಬಿ, ಕಡ್ಡಿ ಗೀರುವ ಪಕ್ಕ, ಸುಂಕ ಕಟ್ಟಿದ ಗುರುತಿಗೆ ಅಂಟಿಸಿದ ಕಾಗದದ ಪಟ್ಟಿ ಮೂರೂ ಇರುವ ಪೊಟ್ಟಣ ಬಿಡಿ ಲೇಬಲ್‌ಗಿಂತ ಎಷ್ಟೋ ಮೇಲು. ಕಡ್ಡಿ ಮಾತ್ರ ಹೊರಗೆ ತೆಗೆದು ನೀರಲ್ಲಿ ನೆನೆಸಿ ಎಸೆಯಿರಿ. ಕಾಗದದ ಕಪಾಟಿನಲ್ಲಿ ಬೆಂಕಿಕಡ್ಡಿ ಇಡುವ ಮಾತೇ ಬೇಡ.

ಪೊಟ್ಟಣ ಒಡೆದಿದೆ, ಹುಳ ಹಿಡಿದಿದೆ ಎಂದರೆ ಮಾತ್ರ ಬಿಡಿಸಿ. ಅದಕ್ಕೂ ಮೊದಲು ಒಂದು ಪರೀಕ್ಷೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒದ್ದೆ ಮಾಡಿ, ಹಿಂಡಿ, ಒಂದೊಂದು ಬಣ್ಣದ ಅಂಚಿಗೂ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಉಜ್ಜಬೇಡಿ. ಹತ್ತಿಗೆ ಬಣ್ಣ ಬಂದರೆ ನೀರಿನ ಆಸೆ ಬಿಡಿ. ಕೆಂಪು, ನೇರಳೆಯ ಮೇಲೆ ಜಾಸ್ತಿ ಅನುಮಾನವಿರಲಿ. ನುಣುಪು ಹೊಳಪಿನ ಕಾಗದಕ್ಕೂ ನೀರು ಬೇಡ, ಒದ್ದೆಯಾದರೆ ಆ ಹೊಳಪೇ ಅಂಟಾಗುತ್ತದೆ. ಇಂಥವನ್ನು ಪೊಟ್ಟಣದ ತೆಳು ಮರದ ಹಲಗೆಯ ಸಮೇತ ಕತ್ತರಿಸಿ ಹಾಗೇ ಇಟ್ಟುಕೊಳ್ಳಿ.

ಬಿಡಿಸುವುದು

ಹರಿತವಾದ ಬ್ಲೇಡಿನಿಂದ ಲೇಬಲ್ ಇರುವ ಮುಖವನ್ನು ಮಾತ್ರ ಬೇರೆ ಮಾಡಿ. ಗೀರುವ ಪಕ್ಕ ನೀರಿಗೆ ಬೀಳಬಾರದು, ಅದರ ಕಂದು ಬಣ್ಣ ಲೇಬಲ್‌ಗೆ ಹಿಡಿಯುತ್ತದೆ. ಅಗಲವಾದ ತಟ್ಟೆಯಲ್ಲಿ ಬೆರಳಗಲ ನೀರು ಸಾಕು. ಫಿಲ್ಟರ್ ನೀರು, ತಣ್ಣಗಿರಲಿ. ಬಿಸಿ ನೀರಲ್ಲಿ ಅಂಟು ಬೇಗ ಬಿಡುತ್ತದೆ, ಬಣ್ಣವೂ ಬೇಗ ಬಿಡುತ್ತದೆ. ಸೋಪು ಬೇಡವೇ ಬೇಡ.

ಮರದ ಭಾಗ ಕೆಳಗೆ, ಚಿತ್ರ ಮೇಲೆ ಬರುವಂತೆ ತೇಲಿಬಿಡಿ. ನೀರು ಮರದ ಮೂಲಕ ಅಂಟಿಗೆ ತಲುಪಬೇಕು. ಮುಳುಗಿಸಿದರೆ ಚಿತ್ರವೂ ಪೂರ್ತಿ ನೆನೆಯುತ್ತದೆ, ಅದು ಬೇಕಿಲ್ಲ. ಇಪ್ಪತ್ತು ನಿಮಿಷವಾಗಬಹುದು, ಒಂದು ಗಂಟೆಯೂ ಆಗಬಹುದು. ಎಲ್ಲರೂ ಕೆಡಿಸುವುದು ಇಲ್ಲೇ. ಒಂದು ಮೂಲೆ ಎದ್ದ ಕೂಡಲೇ ಚಿಮಟದಿಂದ ಹಿಡಿದು ಎಳೆಯುತ್ತಾರೆ. ನೆನೆದ ಕಾಗದಕ್ಕೆ ಹಾಲಿನ ಕೆನೆಯಷ್ಟೇ ಶಕ್ತಿ. ಬೆರಳ ತುದಿ ತಾಗಿಸಿದರೆ ಇಡೀ ಲೇಬಲ್ ತಾನಾಗಿ ಜಾರಬೇಕು, ಅಲ್ಲಿಯವರೆಗೆ ಮುಟ್ಟಬೇಡಿ.

ಜಾರಲು ಶುರುವಾದ ಮೇಲೂ ಲೇಬಲನ್ನು ಎತ್ತಬೇಡಿ. ಅದರ ಮೇಲೆ ಒಂದು ಪಾಲಿಯೆಸ್ಟರ್ ಹಾಳೆ ಇಟ್ಟು, ಎರಡನ್ನೂ ಸೇರಿಸಿ ಮಗುಚಿ. ಈಗ ಚಿತ್ರ ಹಾಳೆಯ ಮೇಲೆ, ಮರ ಮೇಲಕ್ಕೆ. ಮರವನ್ನು ಪಕ್ಕಕ್ಕೆ ಸರಿಸುತ್ತಾ ತೆಗೆಯಿರಿ. ಬಲವೆಲ್ಲ ಮರದ ಮೇಲೆ ಬೀಳಬೇಕು, ಕಾಗದ ಮಲಗಿಯೇ ಇರಬೇಕು. ಬೆನ್ನಿನಲ್ಲಿ ಉಳಿದ ಗಂಜಿಯ ಅಂಟನ್ನು ಮೆತ್ತನೆ ಬ್ರಷ್‌ನಿಂದ ನಡುವಿನಿಂದ ಅಂಚಿಗೆ ಸವರಿ ತೆಗೆಯಿರಿ. ಪೂರ್ತಿ ತೆಗೆಯಿರಿ, ಬೆಳ್ಳಿಹುಳಕ್ಕೆ ಗಂಜಿ ಅಂದರೆ ಪ್ರಾಣ. ಗಂಟೆ ಕಳೆದರೂ ಅಲುಗದಿದ್ದರೆ ಅದು ಗಂಜಿಯಲ್ಲ, ಹೊಸ ಬಗೆಯ ಅಂಟು. ಒಣಗಿಸಿ, ಹಲಗೆಯ ಸಮೇತ ಇಡಿ.

ಕೆಟಲಿನ ಹಬೆ ಹಿಡಿಯುವ ಅಡ್ಡದಾರಿಯನ್ನು ವಿಡಿಯೋಗಳಲ್ಲಿ ತೋರಿಸುತ್ತಾರೆ. ಹಬೆ ಒಂದು ಕಡೆ ಅಂಟು ಬಿಡಿಸಿ ಇನ್ನೊಂದು ಕಡೆ ಹಾಗೇ ಬಿಡುತ್ತದೆ, ಲೇಬಲ್ ನಡುವೆ ಹರಿಯುತ್ತದೆ. ಅದನ್ನು ಮಾಡಬೇಡಿ.

ಒಣಗಿಸುವುದು

ಬಿಳಿ ಬ್ಲಾಟಿಂಗ್ ಪೇಪರ್ ನಡುವೆ ಇಡಿ, ಹತ್ತು ನಿಮಿಷಕ್ಕೆ ಬದಲಿಸಿ, ಆಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಬಿಸಿಲು, ಇಸ್ತ್ರಿ ಪೆಟ್ಟಿಗೆ, ನ್ಯೂಸ್‌ಪೇಪರ್ ಮೂರೂ ಬೇಡ.

ಇಡುವುದು

ಅಂಟು ಪುಟದ ಮೇಲೆ ಪ್ಲಾಸ್ಟಿಕ್ ಮುಚ್ಚುವ ಫೋಟೋ ಆಲ್ಬಮ್ ಕಾಗದದ ಶತ್ರು. ಹೊಸ ಪ್ಲಾಸ್ಟಿಕ್ ವಾಸನೆ ಹೊಡೆಯುವ ಪಿವಿಸಿ ಕವರ್ ಕೂಡ ಅಷ್ಟೇ. ಲ್ಯಾಮಿನೇಷನ್ ಮಾಡಿಸಿದರೆ ಲೇಬಲನ್ನು ಮತ್ತೆ ಹೊರಗೆ ತೆಗೆಯಲು ಆಗುವುದೇ ಇಲ್ಲ. ಅಂಚೆಚೀಟಿ ಸಾಮಾನು ಮಾರುವವರ ಬಳಿ ಪಾಲಿಪ್ರೊಪಿಲಿನ್ ಪುಟ, ಆಮ್ಲವಿಲ್ಲದ ಕಾಗದ ಸಿಗುತ್ತವೆ. ಬೆಲೆ ಸ್ವಲ್ಪ ಜಾಸ್ತಿ, ಆದರೂ ಅದನ್ನೇ ಕೊಳ್ಳಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಅದು ಬಣ್ಣ ಬದಲಿಸಿದಾಗ ಬಿಸಿ ಮಾಡಿ ಮತ್ತೆ ಬಳಸಿ.

ಎಲ್ಲಿ ಸಿಕ್ಕಿತು, ಯಾವಾಗ, ಎಷ್ಟಕ್ಕೆ ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆದಿಡಿ. ಬರೆಯುವುದು ಪಕ್ಕದ ಚೀಟಿಯ ಮೇಲೆ, ಲೇಬಲ್‌ನ ಬೆನ್ನಿಗಲ್ಲ. ತೆಳು ಕಾಗದದಲ್ಲಿ ಪೆನ್ಸಿಲ್ ಒತ್ತಿದ ಗೆರೆ ಚಿತ್ರದ ಕಡೆಗೂ ಎದ್ದು ಕಾಣುತ್ತದೆ.