ಕಡಿವಾಣ ಕೊಳ್ಳುವಾಗ ನಾನು ಮೊದಲು ನೋಡುವುದು ಮಡಿಕೆ

ಕಡಿವಾಣ ಅಂದರೆ ಕುದುರೆಯ ತಲೆಗೆ ತೊಡಿಸುವ ಪಟ್ಟಿಗಳ ಜೋಡಣೆ. ಚರ್ಮದ ಕಡಿವಾಣ ಪಟ್ಟಿಯ ನಡುವಿನಲ್ಲಿ ಹರಿಯುವುದು ತೀರಾ ಕಡಿಮೆ. ಹರಿಯುವುದು ಹೆಚ್ಚಾಗಿ ಎರಡು ಕಡೆ. ಒಂದು, ಬಕಲ್ ಸುತ್ತ ಚರ್ಮ ಮಡಚಿ ಹೊಲಿದ ಜಾಗ. ಇನ್ನೊಂದು, ಬಿಟ್ಟಿನ (ಕುದುರೆಯ ಬಾಯೊಳಗೆ ಇಡುವ ಲೋಹದ ಸರಳು) ಬಳೆಯ ಸುತ್ತ ಪಟ್ಟಿ ತಿರುಗುವ ಜಾಗ. ಅಲ್ಲಿ ಚರ್ಮ ದಿನವೂ ಬಾಗುತ್ತದೆ, ಕುದುರೆಯ ಜೊಲ್ಲು ಬೆವರು ಕುಡಿಯುತ್ತದೆ, ಲೋಹಕ್ಕೆ ಉಜ್ಜುತ್ತದೆ. ಅಂಗಡಿಯಲ್ಲಿ ನಮ್ಮ ಕಣ್ಣು ಹೋಗುವುದು ಮಾತ್ರ ಹಣೆಪಟ್ಟಿಯ ಹೊಳೆಯುವ ಕಲ್ಲುಗಳ ಮೇಲೆ.

ನನ್ನ ಕುದುರೆ ಗೌರಿ ಹೆಸರಘಟ್ಟದ ಕಡೆಯ ಒಂದು ಲಾಯದಲ್ಲಿ ಇದ್ದಾಳೆ. ರೇಸು ಬಿಟ್ಟು ಬಂದ ಥರೋಬ್ರೆಡ್, ಅಂದರೆ ಓಟದ ತಳಿಯ ಕುದುರೆ. ಬೆಂಗಳೂರಿನಲ್ಲಿ ಸವಾರಿ ಕಲಿಯುವವರಲ್ಲಿ ಬಹಳ ಮಂದಿಗೆ ಸಿಗುವುದು ಇಂಥ ಕುದುರೆಯೇ. ಚರ್ಮ ತೆಳು, ಮುಖ ಸಪೂರ, ಸ್ವಭಾವ ಚುರುಕು. ಓಟದ ನಡುವೆ ಬಿಟ್ಟನ್ನು ಹಿಡಿದಿಡುವ ಕೆನ್ನೆಪಟ್ಟಿ ಕಿತ್ತುಬಂದರೆ ಬಿಟ್ಟು ಬಾಯಿಂದ ಜಾರುತ್ತದೆ. ಆಮೇಲೆ ನಮ್ಮ ಕೈಲಿ ಏನೂ ಉಳಿಯುವುದಿಲ್ಲ. ನಮ್ಮ ಲಾಯದಲ್ಲೇ ಒಬ್ಬರಿಗೆ ಹೀಗಾಯಿತು. ಅವರ ಪುಣ್ಯ, ಬೇಲಿ ಹಾಕಿದ ಅಂಗಳದಲ್ಲಿ ಆಯಿತು. ಆ ಕಡಿವಾಣವನ್ನು ನಾನೇ ಕೈಯಲ್ಲಿ ಹಿಡಿದು ನೋಡಿದೆ. ಮೇಲ್ನೋಟಕ್ಕೆ ಹೊಸದರ ಹಾಗೇ ಇತ್ತು. ಬಕಲ್ ಹತ್ತಿರ ಬಿಚ್ಚಿದಾಗ ಗೊತ್ತಾಯಿತು, ಮಡಚಲು ಸುಲಭವಾಗಲಿ ಅಂತ ಅಲ್ಲಿ ಚರ್ಮವನ್ನು ಕಾಗದದಷ್ಟು ತೆಳ್ಳಗೆ ಕೆತ್ತಿದ್ದರು.

ಮಡಿಕೆಯಲ್ಲಿ ಸ್ವಲ್ಪ ಕೆತ್ತುವುದು ತಪ್ಪಲ್ಲ. ಎಲ್ಲರೂ ಕೆತ್ತುತ್ತಾರೆ, ಇಲ್ಲದಿದ್ದರೆ ಗಂಟಾಗಿ ಕೆನ್ನೆಗೆ ಒತ್ತುತ್ತದೆ. ಎಷ್ಟು ಉಳಿಸಿದ್ದಾರೆ ಅನ್ನುವುದು ಮುಖ್ಯ. ಹೆಬ್ಬೆರಳು ತೋರುಬೆರಳ ನಡುವೆ ಪಟ್ಟಿ ಹಿಡಿದು ಬಕಲ್ ಕಡೆಗೆ ಸವರಿಕೊಂಡು ಹೋಗಿ. ದಪ್ಪ ನಿಧಾನವಾಗಿ ಇಳಿಯಬೇಕು. ಮಡಿಕೆಯ ತುದಿಗೆ ಬಂದಾಗಲೂ ಬೆರಳಿಗೆ ಗಟ್ಟಿ ಅನ್ನಿಸಬೇಕು. ಒಮ್ಮೆಲೇ ಪೊಳ್ಳು ಅನ್ನಿಸಿದರೆ ನಾನು ಅಲ್ಲಿಗೇ ಕೆಳಗಿಡುತ್ತೇನೆ, ಬೆಲೆ ಕೇಳುವುದೂ ಇಲ್ಲ.

ಅಳತೆಯನ್ನು ಅಂಗಡಿಗೆ ಹೋಗುವ ಮೊದಲೇ ತೆಗೆದಿಟ್ಟುಕೊಳ್ಳಬೇಕು. ದರ್ಜಿಯ ಟೇಪು ಸಾಕು. ಬಾಯಿಯ ಒಂದು ಮೂಲೆಯಿಂದ ಕೆನ್ನೆಯ ಮೇಲೆ, ಕಿವಿಯ ಹಿಂದೆ ಹಾಯಿಸಿ ಇನ್ನೊಂದು ಮೂಲೆಯವರೆಗೆ ಒಂದು ಅಳತೆ. ಒಂದು ಕಿವಿಯ ಹಿಂದಿನಿಂದ ಹಣೆ ಸುತ್ತಿ ಇನ್ನೊಂದು ಕಿವಿಯ ಹಿಂದಕ್ಕೆ ಮತ್ತೊಂದು. ಮೂಗಿನ ಸುತ್ತಳತೆ, ಗಂಟಲ ಸುತ್ತಳತೆ. ಪೋನಿ, ಕಾಬ್, ಫುಲ್, ಎಕ್ಸ್‌ಟ್ರಾ ಫುಲ್ ಅಂತ ಚಿಕ್ಕದರಿಂದ ದೊಡ್ಡದಕ್ಕೆ ಸೈಜು ಬರೆದಿರುತ್ತಾರೆ, ಆದರೆ ಒಬ್ಬ ತಯಾರಕರ ಫುಲ್ ಇನ್ನೊಬ್ಬರ ಕಾಬಿಗೆ ಹತ್ತಿರ ಇರುತ್ತದೆ. ಗೌರಿಗೆ ಕೆನ್ನೆಪಟ್ಟಿ ಕಾಬ್ ಸೈಜು ಸರಿಹೋಗುತ್ತದೆ, ಹಣೆಪಟ್ಟಿ ಮಾತ್ರ ಫುಲ್ ಬೇಕು. ಹಣೆಪಟ್ಟಿ ಗಿಡ್ಡವಾದರೆ ಅದು ಕಿವಿಯ ಹಿಂದೆ ಹಾಯುವ ತಲೆಪಟ್ಟಿಯನ್ನು ಮುಂದಕ್ಕೆ ಎಳೆದು ಕಿವಿಯ ಬುಡ ಕತ್ತರಿಸುತ್ತದೆ. ಕಡಿವಾಣ ಹಾಕಿದ ಕೂಡಲೇ ತಲೆ ಒದರುವ ಕುದುರೆಗಳನ್ನು ನೋಡಿದ್ದೀರಲ್ವಾ? ಎಲ್ಲರೂ ಬಿಟ್ಟನ್ನು ಬೈಯುತ್ತಾರೆ. ನಾನು ಮೊದಲು ಹಣೆಪಟ್ಟಿ ಗಿಡ್ಡವಾಗಿದೆಯೇ ಅಂತ ನೋಡುತ್ತೇನೆ. ಬಕಲ್‌ಗಳು ಪಟ್ಟಿಯ ನಡುವಿನ ತೂತಿನಲ್ಲಿ ಕೂರಬೇಕು. ಕೊನೆಯ ತೂತಿಗೆ ಹೋದರೆ ಸೈಜು ತಪ್ಪು ಅಂತಲೇ ಅರ್ಥ. ಚರ್ಮ ಸ್ವಲ್ಪ ಜಗ್ಗಿದ ಮೇಲೆ ಬಿಗಿಯಲು ಜಾಗ ಉಳಿಯುವುದಿಲ್ಲ.

ಇನ್ನು ಚರ್ಮ. ಭಾರತದಲ್ಲಿ ಕುದುರೆ ಸಾಮಾನು ಅಂದರೆ ಕಾನ್ಪುರ. 1860ರ ದಶಕದಲ್ಲಿ ಬ್ರಿಟಿಷರು ಸೈನ್ಯಕ್ಕೆ ಜೀನು, ಕಡಿವಾಣ ಮಾಡಲು ಅಲ್ಲಿ ಸರ್ಕಾರಿ ಕಾರ್ಖಾನೆ ಹಾಕಿದರು. ಗಂಗೆಯ ದಡದ ಜಾಜ್‌ಮೌನಲ್ಲಿ ಚರ್ಮ ಹದ ಮಾಡುವ ಘಟಕಗಳು ಸಾಲಾಗಿ ಇವೆ. ಕಾನ್ಪುರ ಸ್ಯಾಡ್ಲರಿಗೆ ಜಿಐ ಟ್ಯಾಗ್ (ಊರಿನ ಹೆಸರಿನ ವಿಶಿಷ್ಟ ಉತ್ಪನ್ನಕ್ಕೆ ಕೊಡುವ ಸರ್ಕಾರಿ ಮಾನ್ಯತೆ) ಕೂಡ ಇದೆ. ಯೂರೋಪಿನ ಎಷ್ಟೋ ಅಂಗಡಿಗಳಲ್ಲಿ ಮಾರುವ ಕಡಿವಾಣ ಹೊಲಿದು ಬರುವುದು ಇದೇ ಊರಿಂದ. ಅದಕ್ಕೇ ‘ಇಂಡಿಯನ್ ಲೆದರ್ ಅಂದರೆ ಕಳಪೆ’ ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಅದೇ ಊರಲ್ಲಿ ಒಳ್ಳೆಯದೂ ಸಿಗುತ್ತದೆ, ತೀರಾ ಅಗ್ಗದ್ದೂ ಸಿಗುತ್ತದೆ. ಆರಿಸುವ ಕೆಲಸ ನಮ್ಮದು. ಇಂಗ್ಲೆಂಡಿನ ವಾಲ್ಸಾಲ್‌ನಲ್ಲಿ 1900ರಿಂದ ಇರುವ ಚರ್ಮದ ಕಂಪನಿ ಸೆಡ್ಜ್‌ವಿಕ್‌ನವರ ಚರ್ಮ ಕೈಯಲ್ಲಿ ಹಿಡಿದರೆ ವ್ಯತ್ಯಾಸ ಗೊತ್ತಾಗುವುದು ನಿಜ, ಆದರೆ ದಿನಾ ಮಣ್ಣಿನಲ್ಲಿ ಓಡುವ ಕುದುರೆಗೆ ನಾನು ಅಷ್ಟು ದುಡ್ಡು ಸುರಿಯಲಿಲ್ಲ.

ದನದ ಚರ್ಮವಾ, ಎಮ್ಮೆ ಚರ್ಮವಾ ಅಂತ ನೇರವಾಗಿ ಕೇಳಿ. ಎಮ್ಮೆಯದು ಕೆಟ್ಟದ್ದೇನಲ್ಲ, ಗಟ್ಟಿ. ಆದರೆ ಅದರ ರಂಧ್ರಗಳು ದೊಡ್ಡವು, ಮೈ ಒರಟು. ಆ ಒರಟುತನ ಮುಚ್ಚಲು ಮೇಲ್ಪದರ ಉಜ್ಜಿ, ಬಣ್ಣ ಬಳಿದು, ನಯವಾದ ಅಚ್ಚು ಒತ್ತಿರುತ್ತಾರೆ. ಚರ್ಮದ ಶಕ್ತಿ ಇರುವುದು ಮೇಲ್ಪದರದ ಬಿಗಿಯಾದ ನಾರಿನಲ್ಲಿ. ಅದನ್ನೇ ಉಜ್ಜಿ ತೆಗೆದ ಮೇಲೆ ಉಳಿಯುವುದು ಬಣ್ಣದ ಹೊಳಪು. ‘ಜೆನ್ಯೂಯಿನ್ ಲೆದರ್’ ಅನ್ನುವ ಮುದ್ರೆ ಇಂಥದ್ದರ ಮೇಲೂ ಇರುತ್ತದೆ. ಅದು ನಿಮಗೆ ಏನನ್ನೂ ಹೇಳುವುದಿಲ್ಲ.

ಹಿಂಬದಿ ತಿರುಗಿಸಿ ನೋಡುವುದನ್ನು ನನಗೆ ಕಲಿಸಿದ್ದು ನಮ್ಮ ಲಾಯದ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು. ಮೂವತ್ತು ವರ್ಷಕ್ಕೂ ಜಾಸ್ತಿ ರೇಸ್ ಕುದುರೆಗಳ ಜೊತೆ ಇದ್ದವರು. ಎರಡು ಕಡಿವಾಣ ಮನೆಗೆ ತರಿಸಿ, ಯಾವುದು ಇಟ್ಟುಕೊಳ್ಳಲಿ ಅಂತ ಅವರಿಗೆ ತೋರಿಸಿದೆ.

“ಮೇಡಂ, ಹೊಳೀತಿರೋದು ಪಕ್ಕಕ್ಕಿಡಿ,” ಅಂದರು.

“ಯಾಕಣ್ಣ? ನೋಡೋಕೆ ಅದೇ ಚೆನ್ನಾಗಿದೆಯಲ್ಲ?”

“ಹಿಂದುಗಡೆ ತಿರುಗಿಸಿ ಮೇಡಂ. ಅಲ್ಲಿ ಬಣ್ಣ ಬಳಿದವ್ರೆ. ಏನೋ ಮುಚ್ಚಿಡಬೇಕು ಅಂತಲೇ ಬಳಿಯೋದು.”

ಆಮೇಲೆ ಪಟ್ಟಿಯನ್ನು ಬೆರಳ ಸುತ್ತ ಬಾಗಿಸಿ ತೋರಿಸಿದರು. ಇದನ್ನು ನಾನು ಈಗ ಪ್ರತಿಸಲ ಮಾಡುತ್ತೇನೆ. ಮೇಲ್ಮೈ ಒಳಗೆ ಬರುವ ಹಾಗೆ ಬಾಗಿಸಿದಾಗ ಸಣ್ಣ, ಒತ್ತೊತ್ತಾದ ಗೆರೆಗಳು ಮೂಡಬೇಕು. ಬಿಟ್ಟ ಕೂಡಲೇ ಮಾಯವಾಗಬೇಕು. ಅದು ಬೆನ್ನಿನ ಭಾಗದ ಬಿಗಿ ಚರ್ಮ. ಅದರ ಬದಲು ಮೇಲ್ಪದರ ಕಿತ್ತು ಎದ್ದು ದೊಡ್ಡ ಸುಕ್ಕುಗಳಾದರೆ ಅದು ಹೊಟ್ಟೆಯ ಭಾಗದ್ದು ಅಥವಾ ಸರಿಯಾಗಿ ಹದವಾಗದ್ದು. ಹೊಟ್ಟೆಯ ಚರ್ಮ ಜಗ್ಗುತ್ತದೆ. ಸವಾರ ಕೈಯಲ್ಲಿ ಹಿಡಿಯುವ ಲಗಾಮಿನ ಒಂದು ಬದಿ ಅದರಿಂದ ಮಾಡಿದ್ದರೆ ಕೆಲವೇ ತಿಂಗಳಲ್ಲಿ ಎಡ ಬಲ ಉದ್ದ ಬೇರೆಯಾಗುತ್ತದೆ. ಮೇಲ್ಮೈ ಹೊರಗೆ ಬರುವ ಹಾಗೆ ಬಾಗಿಸಿದಾಗ ಒಂದು ಬಿರುಕೂ ಕಾಣಬಾರದು. ಬಾಗಿದ ಕಡೆ ಬಣ್ಣ ಸ್ವಲ್ಪ ತಿಳಿಯಾದರೆ ಹೆದರಬೇಡಿ. ಒಳಗಿನ ಎಣ್ಣೆ, ಮೇಣ ಸರಿಯುವಾಗ ಹಾಗಾಗುತ್ತದೆ, ಅದು ಒಳ್ಳೆಯ ಲಕ್ಷಣ.

ತೂತಿನ ಒಳಗೆ ಟಾರ್ಚ್ ಬಿಟ್ಟು ಇಣುಕಿ ನೋಡಿ. ಸುಮ್ನೆ ಹೇಳುತ್ತಿಲ್ಲ, ಚರ್ಮದ ಒಳಗಿನ ಬಣ್ಣ ಕಾಣುವುದು ಅಲ್ಲೇ. ಬಣ್ಣ ಒಳಗಿನವರೆಗೂ ಇಳಿದಿದ್ದರೆ ಸರಿ. ನಡುವೆ ನೀಲಿ ಛಾಯೆಯ ಬೂದು ಗೆರೆ ಕಂಡರೆ ಅದು ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಚರ್ಮ. ಮೆತ್ತಗಿರುತ್ತದೆ, ನೀರಿಗೂ ಅಷ್ಟಾಗಿ ಹೆದರುವುದಿಲ್ಲ, ಆದರೆ ಕಡಿವಾಣಕ್ಕೆ ಬೇಕಾದ ಬಿಗಿ ಅದರಲ್ಲಿ ಕಡಿಮೆ. ಮರದ ತೊಗಟೆಯಂಥ ಗಿಡಮೂಲದ ಸಾಮಗ್ರಿಯಲ್ಲಿ ಹದ ಮಾಡಿದ ಚರ್ಮವೇ ನನಗೆ ಇಷ್ಟ. ಮೊದಮೊದಲು ಬಿರುಸು ಅನ್ನಿಸುತ್ತದೆ, ಬಳಸುತ್ತಾ ಕುದುರೆಯ ಮುಖದ ಆಕಾರಕ್ಕೆ ಕೂರುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಒಂದು ಮೂಲೆ ಉಜ್ಜಿ ನೋಡಿ. ಸ್ವಲ್ಪ ಬಣ್ಣ ಬಂದರೆ ಪರವಾಗಿಲ್ಲ. ಬಟ್ಟೆಯೇ ಕಂದಾಯಿತು ಅಂದರೆ ನಾಳೆ ಬೆವರಿನಲ್ಲಿ ಅದು ಕುದುರೆಯ ಮುಖಕ್ಕೆ ಹತ್ತುತ್ತದೆ.

ಹೊಲಿಗೆ ಇಂಚಿಗೆ ಎಂಟರಿಂದ ಹನ್ನೆರಡು ಇದ್ದರೆ ಸಾಕು. ತೀರಾ ಒತ್ತಾಗಿ ಹಾಕಿದರೆ ತೂತುಗಳ ಸಾಲಿನಲ್ಲೇ ಚರ್ಮ ಹರಿಯುತ್ತದೆ, ಅಂಚೆಚೀಟಿ ಹರಿದ ಹಾಗೆ. ದಾರ ಚರ್ಮದೊಳಗೆ ಸ್ವಲ್ಪ ಕುಳಿತಿರಬೇಕು, ಮೇಲೆ ಎದ್ದಿದ್ದರೆ ಬೇಗ ಸವೆಯುತ್ತದೆ. ಅಂಚನ್ನು ಮರೆಯಬೇಡಿ. ಚೂಪು ಮೂಲೆ ತೆಗೆದು, ಉಜ್ಜಿ ನಯ ಮಾಡಿರಬೇಕು. ನಾನು ಅಂಚನ್ನು ನನ್ನ ಮುಂಗೈ ಒಳಬದಿಗೆ ಎಳೆದು ನೋಡುತ್ತೇನೆ. ನನಗೆ ಗೀರಿದರೆ ಗೌರಿಯ ಕಿವಿಯ ಹಿಂದೆಯೂ ಗೀರುತ್ತದೆ.

ಲೋಹದ ವಿಷಯಕ್ಕೆ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಿ. ಗಟ್ಟಿಯಾಗಿ ಕಚ್ಚಿಕೊಂಡರೆ ಒಳಗಿರುವುದು ಕಬ್ಬಿಣ, ಮೇಲೆ ಲೇಪ. ಬೆವರಿನ ಉಪ್ಪಿಗೆ ಲೇಪ ಎದ್ದು ತುಕ್ಕು ಚರ್ಮಕ್ಕೆ ಇಳಿಯುತ್ತದೆ. ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲಿಗೆ ಅಂಟಿದರೂ ಸೋತಂತೆ ಅಂಟುತ್ತದೆ, ಹಿತ್ತಾಳೆಗೆ ಅಂಟುವುದೇ ಇಲ್ಲ. ಆದರೆ ಅಂಟದ ಎಲ್ಲವೂ ಒಳ್ಳೆಯದಲ್ಲ. ಸತುವಿನ ಎರಕದ ಅಗ್ಗದ ಬಕಲ್‌ಗೂ ಅಂಟುವುದಿಲ್ಲ, ಅದು ಎಳೆತಕ್ಕೆ ಮುರಿಯುತ್ತದೆ. ಹಗುರ ಅನ್ನಿಸಿದರೆ, ಅಚ್ಚಿನ ಗೆರೆ ಕಂಡರೆ ಅನುಮಾನ ಪಡಿ. ಬಕಲ್‌ನ ಮುಳ್ಳು ಚೌಕಟ್ಟಿನ ಮೇಲೆ ಸರಿಯಾಗಿ ಕೂರುತ್ತದೆಯೇ ನೋಡಿ. ಬಿಟ್ಟು ಸೇರಿಸುವ ಕಡೆ ಒಳಗೆ ಕೊಕ್ಕೆ ಗುಂಡಿ ಇರುತ್ತದಲ್ಲ, ಅದನ್ನು ಹಾಕಿ ತೆಗೆದು ನೋಡಿ. ಹೊಸದರಲ್ಲಿ ಬೆರಳು ನೋಯುವಷ್ಟು ಬಿಗಿ ಇದ್ದರೇ ಒಳ್ಳೆಯದು. ಹೊಸದರಲ್ಲೇ ಸಲೀಸಾಗಿ ಬಿಚ್ಚಿದರೆ ಅದು ಸವಾರಿಯಲ್ಲೂ ಬಿಚ್ಚೀತು.

ಮೂಗುಪಟ್ಟಿಯ ಬಗ್ಗೆ ನನಗೆ ಸಿಟ್ಟೇ ಇದೆ. ದುಬಾರಿ ಕಡಿವಾಣಗಳಲ್ಲಿ ಈಗ ಕ್ರ್ಯಾಂಕ್ ಇರುವ ಮೂಗುಪಟ್ಟಿ ಬರುತ್ತದೆ. ಪಟ್ಟಿ ಸುತ್ತಿ ಹಿಂದಕ್ಕೆ ಎಳೆದರೆ ಎಷ್ಟು ಬೇಕಾದರೂ ಬಿಗಿಯಬಹುದು. ಕುದುರೆ ಬಾಯಿ ತೆರೆಯುವುದು ನೋವು ಹೇಳಲು. ಅದನ್ನೇ ಕಟ್ಟಿಹಾಕಿದರೆ ಅದು ಇನ್ನು ಯಾರಿಗೆ ಹೇಳಬೇಕು? ಅಂತರರಾಷ್ಟ್ರೀಯ ಕುದುರೆ ಸವಾರಿ ಸಂಸ್ಥೆ ಎಫ್‌ಇಐ 2025ರಿಂದ ತನ್ನ ಸ್ಪರ್ಧೆಗಳಲ್ಲಿ ಇದನ್ನು ಸಾಧನದಿಂದಲೇ ಅಳೆಯುತ್ತದೆ. ಮೂಗಿನ ಮೂಳೆಯ ಮೇಲೆ ಪಟ್ಟಿಗೂ ಮುಖಕ್ಕೂ ನಡುವೆ 1.5 ಸೆಂಟಿಮೀಟರ್ ಜಾಗ ಇರಬೇಕು. ನಮಗೆ ಎರಡು ಬೆರಳು ಸಾಕು. ಆದರೆ ಬೆರಳು ಇಡಬೇಕಾದದ್ದು ಮೂಗಿನ ಮೇಲೆ, ಮೂಳೆ ಇರುವ ಕಡೆ. ಗದ್ದದ ಕೆಳಗೆ ಮೆತ್ತನೆ ಜಾಗದಲ್ಲಿ ಇಟ್ಟು ‘ಸಡಿಲ ಇದೆ’ ಅನ್ನುವವರೇ ಜಾಸ್ತಿ. ಗೌರಿಗೆ ನಾನು ಆರಿಸಿದ್ದು ಕ್ಯಾವಿಸನ್ ಅನ್ನುವ ಸಾದಾ ಮೂಗುಪಟ್ಟಿ, ಕೆನ್ನೆಯ ಮೂಳೆಯ ಏಣಿನಿಂದ ಎರಡು ಬೆರಳು ಕೆಳಗೆ ಕೂರುವಂಥದ್ದು. ಗಂಟಲುಪಟ್ಟಿಗೆ ನಾಲ್ಕು ಬೆರಳು ಅಡ್ಡಲಾಗಿ ಹಿಡಿಸಬೇಕು.

ತಲೆಪಟ್ಟಿಗೆ ಮೆತ್ತೆ ಇದ್ದರೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಬಿಡಿ. ಕುಳಿ ಹಾಗೇ ಉಳಿದರೆ ಆ ಫೋಮು ಬೇಗ ಚಪ್ಪಟೆಯಾಗುತ್ತದೆ. ಆಮೇಲೆ ಅದರ ಹೊಲಿಗೆಯ ಏಣೇ ಒತ್ತುತ್ತದೆ, ಮೆತ್ತೆ ಇಲ್ಲದ ಅಗಲ ಪಟ್ಟಿಯೇ ವಾಸಿ. ಲಗಾಮು ಮಾತ್ರ ನಾನು ರಬ್ಬರ್ ಹಿಡಿ ಇರುವುದನ್ನೇ ತೆಗೆದುಕೊಂಡೆ. ನಮ್ಮ ಬೇಸಿಗೆಯ ಬೆವರಿನಲ್ಲಿ ಬರೀ ಚರ್ಮ ಜಾರುತ್ತದೆ.

ಕೊನೆಗೆ ಇಟ್ಟುಕೊಂಡದ್ದು ಕಾನ್ಪುರದ್ದೇ, ಕಂದು ಬಣ್ಣದ್ದು, ಯಾವ ಅಲಂಕಾರವೂ ಇಲ್ಲದ್ದು. ಬೆಲೆ ಆರು ಸಾವಿರದ ಆಸುಪಾಸು. ಹಣೆಪಟ್ಟಿ ಬೇರೆ ಸೈಜು ಬೇಕು ಅಂತ ಫೋನಿನಲ್ಲಿ ಕೇಳಿದಾಗ ಬದಲಿಸಿ ಕಳಿಸಿದರು. ಬಿಡಿಭಾಗ ಬೇರೆಬೇರೆಯಾಗಿ ಸಿಗುತ್ತದೆಯೇ ಅಂತ ಕೊಳ್ಳುವ ಮೊದಲೇ ಕೇಳಿಟ್ಟುಕೊಳ್ಳಿ. ಕೆನ್ನೆಪಟ್ಟಿ, ಲಗಾಮು ಮೊದಲು ಸವೆಯುತ್ತವೆ, ಅವಷ್ಟನ್ನೇ ಬದಲಿಸಬಹುದು.

ಮನೆಗೆ ಬಂದ ಮೇಲೆ ಎಣ್ಣೆಯಲ್ಲಿ ಅದ್ದಿಡಬೇಡಿ. ತೆಂಗಿನೆಣ್ಣೆ ಸುರಿಯುವ ಅಭ್ಯಾಸ ಬಹಳ ಲಾಯಗಳಲ್ಲಿ ಇದೆ. ಎಣ್ಣೆ ಹೆಚ್ಚಾದರೆ ನಾರು ಸಡಿಲವಾಗಿ ಚರ್ಮ ಜೋಲುತ್ತದೆ. ಹಿಂಬದಿಯಿಂದ ತೆಳುವಾಗಿ ಒಮ್ಮೆ ಲೆದರ್ ಬಾಮ್ ಸವರಿ, ಆಮೇಲೆ ಸವಾರಿ ಮುಗಿದಾಗಲೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ವಾರಕ್ಕೊಮ್ಮೆ ಗ್ಲಿಸರಿನ್ ಸ್ಯಾಡಲ್ ಸೋಪು ಹಚ್ಚಿದರೆ ಸಾಕು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಗಾಳಿಯಾಡುವ ಕಡೆ ತೂಗುಹಾಕಿ. ಮೇಲೆ ಬಿಳಿ ಪುಡಿ ಕಂಡ ಕೂಡಲೇ ಗಾಬರಿಯಾಗುವುದು ಬೇಡ. ಮೇಣ ತುಂಬಿದ ಒಳ್ಳೆಯ ಚರ್ಮದಲ್ಲಿ ಮೇಣವೇ ಹೊರಗೆ ಬಂದು ಹಾಗೆ ಕೂರುತ್ತದೆ. ಹೇರ್ ಡ್ರೈಯರ್ ದೂರದಿಂದ ಹಿಡಿದರೆ ಕರಗಿ ಒಳಗೆ ಹೋಗುತ್ತದೆ. ಬೂಷ್ಟಾದರೆ ಕರಗುವುದಿಲ್ಲ, ಮುಗ್ಗಲು ವಾಸನೆಯೂ ಬರುತ್ತದೆ. ಅದನ್ನು ಹೊರಗೆ ಬಯಲಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಬಿರಿಯುತ್ತದೆ.

ತಿಂಗಳಿಗೊಮ್ಮೆ ಎಲ್ಲ ಬಕಲ್ ಬಿಚ್ಚಿ, ಬಿಟ್ಟು ಕಳಚಿ, ಮಡಿಕೆಗಳನ್ನು ಬಿಡಿಸಿ ನೋಡುತ್ತೇನೆ. ಒಂದೇ ಒಂದು ಅಡ್ಡ ಬಿರುಕು ಕಂಡರೂ ಆ ಪಟ್ಟಿ ಅವತ್ತೇ ಹೊರಗೆ. ಹೊಲಿಗೆ ಬಿಟ್ಟಿದ್ದರೆ ಚರ್ಮದ ಕೆಲಸದವರ ಹತ್ತಿರ ಹೊಲಿಸಬಹುದು. ಬಿರಿದ ಚರ್ಮದ ಮೇಲೆ ಇನ್ನೊಂದು ತುಂಡು ಇಟ್ಟು ಹೊಲಿಸಿಕೊಂಡು ಸವಾರಿ ಮಾಡಬೇಡಿ.