ಉರಿಯೂತ ಇಳಿಸಿ ಹೊಟ್ಟೆ ಹುಣ್ಣು ಮಾಯಿಸಿದ್ದು: ನನ್ನ ಅನುಭವ

ಉರಿಯೂತದ ಔಷಧಿ ಕೊಟ್ಟು ಇಲಿ ಹೊಟ್ಟೆಯ ಹುಣ್ಣು ಮಾಯಿಸ್ತೀನಿ ಅಂದಾಗ ನಮ್ಮ ಲ್ಯಾಬಲ್ಲಿ ಒಬ್ರೂ ಒಪ್ಪಲಿಲ್ಲ. "ಇಂಡೊಮೆಥಸಿನ್ ಅನ್ನೋ ನೋವು-ಉರಿಯೂತದ ಔಷಧಿ ಕೊಟ್ಟು ನಾವೇ ಹುಣ್ಣು ಎಬ್ಬಿಸ್ತೀವಲ್ಲಮ್ಮ, ಅದೇ ಸಾಲಿನ ಔಷಧಿಯಿಂದ ವಾಸಿ ಮಾಡ್ತೀಯಾ" ಅಂದ್ರು ನಮ್ಮ ಗೈಡ್. ಅವರ ಮಾತೂ ಸರಿನೇ, ಇಂಥ ಔಷಧಿ ಕಾಕ್ಸ್ ಅನ್ನೋ ಕಿಣ್ವನ ಮುಚ್ಚಿದ್ರೆ ಹೊಟ್ಟೆಯ ಒಳಪದರ ಕಾಯೋ ಪ್ರೊಸ್ಟಾಗ್ಲಾಂಡಿನ್ ಇಳಿಯುತ್ತೆ ಅಂತ ಬ್ರಿಟಿಷ್ ಔಷಧ ವಿಜ್ಞಾನಿ ಜಾನ್ ವೇನ್ 1971ರಲ್ಲೇ ತೋರಿಸಿದ್ದಾರೆ. ಆದ್ರೆ ನಾನು ಕಾಕ್ಸ್ ತಂಟೆಗೇ ಹೋಗಲಿಲ್ಲ, ಟಿಎನ್‌ಎಫ್ ಆಲ್ಫಾ (ಉರಿಯೂತ ಹೊತ್ತಿಸೋ ಪ್ರೋಟೀನ್) ಇಳಿಸಿ ಹುಣ್ಣಿನ ಅಂಚಿಗೆ ನ್ಯೂಟ್ರೊಫಿಲ್ ಅನ್ನೋ ಬಿಳಿ ರಕ್ತಕಣ ಮುತ್ತಿಕೊಳ್ಳೋದನ್ನ ತಗ್ಗಿಸೋಣ ಅಂತ ಪೆಂಟಾಕ್ಸಿಫಿಲಿನ್ ಹಿಡಿದೆ. ಹಳೇ ಔಷಧಿ, ಅಗ್ಗ, ನೀರಲ್ಲೇ ಕರಗುತ್ತೆ, ಕರಗದ ಔಷಧಿಗೆ ಹಾಕೋ ಸಿಎಂಸಿ ಅಂಟು ಕಲಸೋ ರಗಳೆ ಇಲ್ಲ.

ಎಥಿಕ್ಸ್ ಪರ್ಮಿಷನ್ ಸಿಕ್ಕಿದ ಮೇಲೆ ಅಸಿಟಿಕ್ ಆಸಿಡ್ ಮಾಡೆಲ್ ಶುರು ಮಾಡಿದೆ, ಅಂದ್ರೆ ಇಲಿಗೆ ಆಪರೇಷನ್ ಮಾಡಿ ಜಠರ ಹೊರಗೆ ತೆಗೆದು, ಅದರ ಮೇಲೆ ಆಸಿಡ್ ಇಟ್ಟು ಹುಣ್ಣು ಎಬ್ಬಿಸೋದು. ಮೊದಲ ಬ್ಯಾಚ್ ಪೂರ್ತಿ ಹಾಳು. ಆಸಿಡ್ ಸ್ವಲ್ಪ ಜಾಸ್ತಿ ಹೊತ್ತು ನಿಂತು 8ರಲ್ಲಿ 3 ಇಲಿಗೆ ಹೊಟ್ಟೆ ತೂತಾಯ್ತು, ಉಳಿದವುಗಳಲ್ಲಿ ಹುಣ್ಣು ಲಿವರ್‌ಗೆ ಅಂಟಿಕೊಂಡು ಬಿಡಿಸೋಕೆ ಹೋದ್ರೆ ಅಂಚೇ ಹರಿದು ಹೋಗ್ತಿತ್ತು, ಅಳೆಯೋದು ಏನನ್ನ. ಆ ಪ್ರಾಣಿಗಳು ವ್ಯರ್ಥವಾಗಿ ಹೋದ್ವಲ್ಲ ಅಂತ ವಾರಗಟ್ಟಲೆ ಸಂಕಟ ಆಯ್ತು. ಈಗ ಅಂಟಿಕೊಳ್ಳೋದು ತುಂಬಾ ಕಮ್ಮಿ ಆಗಿದೆ, ಜಠರನ ವಾಪಸ್ ಒಳಗೆ ಇಡೋ ಮುಂಚೆ ಒಂದು ಕೆಲಸ ಮಾಡ್ತೀನಿ, ಅದನ್ನ ಪೇಪರ್ ಬರೋವರೆಗೂ ಹೇಳಲ್ಲ.

ಆಮೇಲೆ ಎಂಪಿಒ (ನ್ಯೂಟ್ರೊಫಿಲ್ ಎಷ್ಟು ಸೇರಿದೆ ಅಂತ ತೋರಿಸೋ ಕಿಣ್ವ) ಅಳತೆ ಕೈಕೊಡ್ತು. ಮೂರು ಸಲ ರೀಡಿಂಗ್ ಅಡ್ಡಾದಿಡ್ಡಿ, ಕೊನೆಗೆ ನೋಡಿದ್ರೆ ಬಫರ್ ಐಸ್ ಮೇಲಿಟ್ಟು ಇಟ್ಟು ಅದರಲ್ಲಿರೋ ಸೋಪಿನಂಥ ಎಚ್‌ಟಿಎಬಿ ಹರಳುಗಟ್ಟಿತ್ತು. ಬೆಚ್ಚಗೆ ಮಾಡಿ ಪೂರ್ತಿ ಕರಗಿಸಿಕೊಂಡ ಮೇಲೆ 460 ನ್ಯಾನೊಮೀಟರ್‌ನಲ್ಲಿ ಕರ್ವ್ ನೆಟ್ಟಗೆ ಬಂತು. ದುಡ್ಡು ತಿಂದಿದ್ದು ಮಾತ್ರ ಸ್ಯಾಂಪಲ್ಲಲ್ಲಿ ಒಂದೊಂದು ವಸ್ತು ಎಷ್ಟಿದೆ ಅಂತ ಅಳೆಯೋ ಎಲೈಸಾ ಕಿಟ್. ಸಾಮಾನಿಗೆ ಅಂತ ಬಂದ ಗ್ರಾಂಟಲ್ಲಿ ಹೆಚ್ಚುಕಮ್ಮಿ ಅರ್ಧ ಎರಡೇ ಕಿಟ್ಟಿಗೆ ಹೋಯ್ತು, ಅದ್ರಲ್ಲೂ ಒಂದು ಪ್ಲೇಟ್ ಪದೇ ಪದೇ ಫ್ರೀಜ್ ಮಾಡಿ ಕರಗಿಸಿದ ಸ್ಯಾಂಪಲ್ ಹಾಕಿ ದಂಡ ಆಯ್ತು. ಆವತ್ತಿಂದ ಸ್ಯಾಂಪಲ್ ತೆಗೆದ ದಿನವೇ ಸಣ್ಣ ಸಣ್ಣ ಭಾಗ ಮಾಡಿ ಇಡ್ತೀನಿ, ಪಕ್ಕದ ಲ್ಯಾಬ್ ಜೊತೆ ಪ್ಲೇಟ್ ಹಂಚಿಕೊಳ್ತೀನಿ.

ಪೆಂಟಾಕ್ಸಿಫಿಲಿನ್ ಕೊಟ್ಟಿದ್ದು ಇಲಿ ತೂಕದ ಕಿಲೋಗೆ 100 ಮಿಗ್ರಾಂ ಆಸುಪಾಸು, ಹತ್ತು ದಿನ. ನೆನಪಿಂದ ಹೇಳ್ತಿದೀನಿ, ಕಂಟ್ರೋಲ್ (ಔಷಧಿ ಕೊಡದ) ಗುಂಪಿನ ಹುಣ್ಣು 24 ಚದರ ಮಿಮೀ ಹತ್ತಿರ, ಔಷಧಿ ಗುಂಪಲ್ಲಿ 13ರ ಹತ್ತಿರ, ಎಂಪಿಒ ಕಂಟ್ರೋಲಿನ ಅರ್ಧಕ್ಕಿಂತ ಸ್ವಲ್ಪ ಮೇಲೆ ಇತ್ತು. ಅಳತೆ ಮಾಡಿದ್ದು ಯಾವ ಗುಂಪು ಅಂತ ಗೊತ್ತಿಲ್ಲದ ಜೂನಿಯರ್, ಹಾಗಾಗಿ ನನ್ನ ಆಸೆ ಅದರಲ್ಲಿ ಸೇರಿಲ್ಲ. ಗೈಡ್ ಒಪ್ಪಿದ್ದು ಪಿಜಿಇ2 (ಹೊಟ್ಟೆ ಕಾಯೋ ಪ್ರೊಸ್ಟಾಗ್ಲಾಂಡಿನ್) ನೋಡಿದ ಮೇಲೆ, ಅದು ಇಳಿದಿರಲಿಲ್ಲ.

ಮಧ್ಯೆ ಕುತೂಹಲಕ್ಕೆ ಒಂದು ಸಣ್ಣ ಗುಂಪಿಗೆ ಮುಖ್ಯವಾಗಿ ಕಾಕ್ಸ್-2 ಮುಚ್ಚೋ ನೋವಿನ ಔಷಧಿ ಸೆಲೆಕಾಕ್ಸಿಬ್ ಕೊಟ್ಟು ನೋಡಿದೆ. ಹೊಟ್ಟೆ ಕಾಯೋ ಕಾಕ್ಸ್-1 ಬಿಟ್ಟುಬಿಡುತ್ತೆ, ಹೊಟ್ಟೆಗೆ ಹಗುರ ಅಂತಾರಲ್ಲ, ಹುಣ್ಣು ಆದ ಹೊಟ್ಟೆಗೆ ಆ ಮಾತು ನಡೆಯಲ್ಲ, ಮಾಯೋ ಹುಣ್ಣಿನ ಅಂಚಲ್ಲಿ ಕಾಕ್ಸ್-2 ಏಳುತ್ತೆ, ಹೊಸ ರಕ್ತನಾಳಕ್ಕೂ ಹೊಸ ಪದರಕ್ಕೂ ಅದು ಬೇಕು. ಆ ಇಲಿಗಳ ಹುಣ್ಣು ಕಂಟ್ರೋಲ್‌ಗಿಂತ ದೊಡ್ಡದಾಗೇ ಉಳೀತು. ಅದಕ್ಕೇ ಉರಿಯೂತ ಇಳಿಸೋದು ಅಂದ್ರೆ ಎಲ್ಲಾ ಒಂದೇ ಅಂತ ಮಾತಾಡೋರನ್ನ ಕಂಡ್ರೆ ನಂಗೆ ಸಿಟ್ಟು ಬರುತ್ತೆ, ಇದನ್ನ ಓದಿ ಹುಣ್ಣಿರೋರು ಯಾರೂ ನೋವಿನ ಮಾತ್ರೆ ನುಂಗಬೇಡಿ, ಇದು ಇಲಿಯ ಕತೆ.

ಇನ್ನೊಂದು, ಪೆಂಟಾಕ್ಸಿಫಿಲಿನ್ ಮೊದಲ ದಿನದಿಂದಲೇ ಕೊಟ್ಟ ಗುಂಪಿಗಿಂತ ತಡವಾಗಿ ಶುರು ಮಾಡಿದ ಗುಂಪೇ ಚೆನ್ನಾಗಿ ಮಾಯ್ತು. ಎಷ್ಟನೇ ದಿನ ಅನ್ನೋದು ಸದ್ಯಕ್ಕೆ ನನ್ನ ಹತ್ರನೇ ಇರ್ಲಿ. ಮುಂದಿನ ಬ್ಯಾಚಿಗೆ ಹೊಟ್ಟೆಯ ಆಸಿಡ್ ಇಳಿಸೋ ಒಮೆಪ್ರಜೋಲ್ ಜೊತೆ ಸೇರಿಸಿ ಕೊಡ್ತಿದೀನಿ, ಈ ಸಲ ಗೈಡೇ ಕೇಳಿದ್ದು.