ಪ್ರಾಜೆಕ್ಟ್ ಫೈಲ್‌ಗೆ ಅಂಕ ಕೊಡುವುದನ್ನು ಬಿಟ್ಟ ಮೇಲೆ: ಒಬ್ಬ ಕನ್ನಡ ಮೇಷ್ಟ್ರ ಅನುಭವ

ಇದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವರಿಗಾಗಿ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ), ಸಿಸಿಇ (ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ) ಯಾಕೆ ಬಂದವು ಅಂತ ಶುರು ಮಾಡುವುದಿಲ್ಲ. ಒಂದು ಎಫ್‌ಎಯಲ್ಲಿ ಎರಡು ಚಟುವಟಿಕೆಗೆ 15-15, ಲಿಖಿತ ಪರೀಕ್ಷೆಗೆ 20, ನಾಲ್ಕು ಎಫ್‌ಎ ಸೇರಿ 200, ಅದನ್ನು 8ರಿಂದ ಭಾಗಿಸಿದರೆ ಪ್ರಥಮ ಭಾಷೆಯ ಆಂತರಿಕ ಅಂಕ 25. ಪ್ರಾಜೆಕ್ಟಿಗಿರುವ ಆ 15ರ ಕಾಲಮ್ಮಿನಲ್ಲಿ ನಾವೆಲ್ಲ ಏನು ತುಂಬುತ್ತೇವೆ ಅನ್ನುವುದೂ ನಿಮಗೆ ಗೊತ್ತು. 13, 14, 14, 13. ಫೈಲ್‌ಗೆ ಬಣ್ಣದ ರಟ್ಟು ಇದ್ದರೆ 15. ಫೈಲೇ ತರದವನಿಗೆ ಪಾಪ ಅಂತ 11.

ನಾನೂ ಹತ್ತು ಹನ್ನೆರಡು ವರ್ಷ ಹಾಗೇ ತುಂಬಿದೆ. ಈಗ ಮೂರ್ನಾಲ್ಕು ವರ್ಷದಿಂದ ಫೈಲ್‌ಗೆ ಒಂದು ಅಂಕವನ್ನೂ ಕೊಡುತ್ತಿಲ್ಲ. ಫೈಲ್ ತರಲೇಬೇಡಿ ಅಂದಿದ್ದೇನೆ. ತಾಲ್ಲೂಕಿನ ಭಾಷಾ ಶಿಕ್ಷಕರ ಸಭೆಯಲ್ಲಿ ಇದನ್ನು ಮೊದಲ ಸಲ ಹೇಳಿದಾಗ ಹಿಂದಿನ ಸಾಲಿನವರು ನಕ್ಕರು. ಹಿರಿಯರೊಬ್ಬರು ಲೆಕ್ಕ ಹಾಕಿಯೇ ಕೇಳಿದರು, "15ನ್ನ 8ರಿಂದ ಭಾಗಿಸಿದ್ರ ಎರಡೂ ಪೂರ್ತಿ ಬರಂಗಿಲ್ಲ. ಇದಕ್ಕ ಇಷ್ಟು ಒದ್ದಾಟ ಯಾಕ್ರೀ?" ಆ ಲೆಕ್ಕವೇ ಆಮೇಲೆ ನನ್ನ ಕೈ ಹಿಡಿಯಿತು. ಮುಂದೆ ಹೇಳುತ್ತೇನೆ.

ಮೊದಲು ದುಡ್ಡಿನ ವಿಷಯ. ನಮ್ಮದು ಹಾವೇರಿ ಜಿಲ್ಲೆಯ ಹಳ್ಳಿ ಹೈಸ್ಕೂಲು. 9 ಮತ್ತು 10 ಸೇರಿ ನನ್ನ ಕೈಯಲ್ಲಿ ನೂರಿಪ್ಪತ್ತರ ಹತ್ತಿರ ಮಕ್ಕಳು. ಒಂದು ಪ್ರಾಜೆಕ್ಟಿಗೆ ಮನೆಯಲ್ಲಿ ಎಷ್ಟು ಖರ್ಚಾಗುತ್ತದೆ ಅಂತ ಒಂದು ಸಲ ಮಕ್ಕಳನ್ನೇ ಕೇಳಿ ಬೋರ್ಡ್ ಮೇಲೆ ಬರೆದೆ. ಕಲರ್ ಪ್ರಿಂಟ್ ಪುಟಕ್ಕೆ 10, ಸ್ಪೈರಲ್ ಬೈಂಡಿಂಗ್ 40, ಸ್ಕೆಚ್ ಪೆನ್ನು, ಚಾರ್ಟು, ಪೇಟೆಗೆ ಹೋಗಿ ಬರುವ ಖರ್ಚು. ಎಲ್ಲ ಸೇರಿ 150ರಿಂದ 200. ಅದು ಕನ್ನಡಕ್ಕೆ ಮಾತ್ರ, ಉಳಿದ ವಿಷಯದವರು ಸುಮ್ನೆ ಕೂತಿರುತ್ತಾರಾ? ಒಬ್ಬ ಹುಡುಗಿಯ ಅಪ್ಪ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ. ಅವರ ಕೂಲಿಯಲ್ಲಿ ಒಂದು ಪಾಲು ನನ್ನ 15 ಅಂಕದ ಹೆಸರಿನಲ್ಲಿ ಜೆರಾಕ್ಸ್ ಅಂಗಡಿಗೆ ಹೋಗುತ್ತಿತ್ತು.

ಅಷ್ಟು ಕೊಟ್ಟು ಬರುತ್ತಿದ್ದದ್ದಾದರೂ ಏನು? ಜ್ಞಾನಪೀಠ ಪುರಸ್ಕೃತರ ಭಾವಚಿತ್ರ. ಸ್ಟೇಷನರಿ ಅಂಗಡಿಯ ಚಾರ್ಟು ಕತ್ತರಿಸಿ ಅಂಟಿಸುವುದು. ನಮ್ಮ ಪೇಟೆಯ ಅಂಗಡಿಯಲ್ಲಿ ಹಳೇ ಸ್ಟಾಕ್ ಇತ್ತು, ಅದರಲ್ಲಿ ಏಳೇ ಜನ. ಕಂಬಾರರಿಗೆ 2010ರ ಸಾಲಿನ ಪ್ರಶಸ್ತಿ ಬಂದು ಎಷ್ಟೋ ವರ್ಷ ಆಗಿದ್ದರೂ ನಮ್ಮ ಮಕ್ಕಳ ಫೈಲಿನಲ್ಲಿ ಪಟ್ಟಿ ಕಾರ್ನಾಡರಿಗೇ ನಿಲ್ಲುತ್ತಿತ್ತು. ಹಲಗಲಿ ಬೇಡರ ಲಾವಣಿ ಪಾಠ ಮುಗಿಸಿ "ಇನ್ನೊಂದು ಲಾವಣಿ ಸಂಗ್ರಹಿಸಿ ತನ್ನಿ" ಅಂದರೆ ಅರ್ಧ ಕ್ಲಾಸು ಸಂಗೊಳ್ಳಿ ರಾಯಣ್ಣನ ಒಂದೇ ಲಾವಣಿ ತಂದಿತು, ಒಂದೇ ಜಾಗದಲ್ಲಿ ಅದೇ ಅಕ್ಷರ ತಪ್ಪುಗಳ ಸಮೇತ. ಎಲ್ಲರಿಗೂ 14.

ಬದಲಾಯಿಸಲು ಹೊರಟಾಗ ಮೊದಲು ಗುಂಪು ಪ್ರಾಜೆಕ್ಟ್ ಮಾಡಿಸಿದೆ. ಐದು ಮಕ್ಕಳ ಗುಂಪಿನಲ್ಲಿ ಒಬ್ಬಳು ಬರೆಯುತ್ತಾಳೆ, ಒಬ್ಬ ಗೆರೆ ಹಾಕುತ್ತಾನೆ, ಮೂವರು ಫೆವಿಕಾಲ್ ಹಿಡಿದು ನಿಲ್ಲುತ್ತಾರೆ. ಅಂಕ ಮಾತ್ರ ಐವರಿಗೂ ಒಂದೇ. ಆಮೇಲೆ ಮಕ್ಕಳೇ ಪರಸ್ಪರ ಅಂಕ ಕೊಡಲಿ ಅಂತ ನೋಡಿದೆ. ತಮ್ಮ ಬೆಂಚಿನವರಿಗೆಲ್ಲ 15ಕ್ಕೆ 15, ಜಗಳ ಆಡಿದವನಿಗೆ 3. ಅದು ಒಂದೇ ವಾರಕ್ಕೆ ಮುಗಿಯಿತು.

ತರಬೇತಿಯಲ್ಲಿ ಕೊಟ್ಟ ದೊಡ್ಡ ರೂಬ್ರಿಕ್ಕೂ (ಅಂಕ ಕೊಡುವ ಕೋಷ್ಟಕ) ಹಾಕಿ ನೋಡಿದೆ. ಎಂಟೋ ಹತ್ತೋ ಮಾನದಂಡ, ಪ್ರತಿಯೊಂದಕ್ಕೂ ನಾಲ್ಕು ಹಂತ. ಅರವತ್ತು ಮಕ್ಕಳಿಗೆ ಅದನ್ನು ತುಂಬುವಾಗ ಏನಾಗುತ್ತದೆ ಅಂದರೆ, ಮೊದಲು ಈ ಹುಡುಗನಿಗೆ 13 ಅಂತ ಮನಸ್ಸಿನಲ್ಲಿ ಬಂದುಬಿಡುತ್ತದೆ, ಆಮೇಲೆ ಒಟ್ಟು 13 ಆಗುವ ಹಾಗೆ ಟಿಕ್ ಹಾಕುತ್ತಾ ಹೋಗುತ್ತೇವೆ. ಹೌದು ತಾನೇ? ಮಕ್ಕಳು ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕಲಿ ಅನ್ನುವುದೂ ಆಯಿತು. ಫೋನು ಅಪ್ಪನ ಜೇಬಿನಲ್ಲಿ, ಅಪ್ಪ ಹೊಲದಲ್ಲಿ. ನನ್ನ ಫೋನಿನ ಸ್ಟೋರೇಜು ಮೂರನೇ ದಿನಕ್ಕೆ ಫುಲ್.

ಕೊನೆಗೆ ನಿಂತದ್ದು ಕಚ್ಚಾ ಪುಸ್ತಕ. ಪ್ರತಿ ಮಗುವಿಗೆ 100 ಪುಟದ ಒಂದು ತೆಳು ನೋಟ್‌ಬುಕ್. ಊರಲ್ಲಿ ಯಾರನ್ನಾದರೂ ಕೇಳಿ ಅಲ್ಲೇ ಕೂತು ಅದರಲ್ಲಿ ಬರೆಯಬೇಕು. ಯಾರು ಹೇಳಿದರು, ಎಲ್ಲಿ ಹೇಳಿದರು, ಯಾವ ದಿನ. ಪೆನ್ನಿನಲ್ಲೇ ಬರೆಯಬೇಕು, ತಪ್ಪಾದರೆ ಗೀಚಿ ಮುಂದೆ ಹೋಗಬೇಕು, ಹಾಳೆ ಹರಿಯುವಂತಿಲ್ಲ, ಮನೆಗೆ ಹೋಗಿ ಚೆನ್ನಾಗಿ ನಕಲು ಮಾಡುವಂತಿಲ್ಲ. ಪ್ರತಿ ಶನಿವಾರ ಬೆಳಗಿನ ಶಾಲೆ ಬಿಡುವ ಮೊದಲು ಕೊನೆಯ ಸಾಲಿನ ಕೆಳಗೇ ನನ್ನ ಸಹಿ ಮತ್ತು ತಾರೀಕು. ಓದುವುದಿಲ್ಲ, ಸಹಿ ಅಷ್ಟೇ. ಒಂದು ಸೆಕ್ಷನ್ನಿಗೆ ಹದಿನೈದು ನಿಮಿಷ ಸಾಕು. ಈ ಸಹಿ ಇದ್ದರೆ ಕೊನೆಯ ರಾತ್ರಿ ಕೂತು ಒಂದೇ ಉಸಿರಿಗೆ ಇಡೀ ಪುಸ್ತಕ ತುಂಬಲು ಆಗುವುದಿಲ್ಲ.

ಅಂಕ ಹೀಗೆ: ಕಚ್ಚಾ ಪುಸ್ತಕಕ್ಕೆ 5, ಮೌಖಿಕಕ್ಕೆ 5, ಅದೇ ಪುಸ್ತಕ ಇಟ್ಟುಕೊಂಡು ತರಗತಿಯಲ್ಲೇ ಬರೆಯುವ ಒಂದು ಪುಟಕ್ಕೆ 5.

ಪುಸ್ತಕಗಳು ಹೋಲ್‌ಸೇಲ್‌ನಲ್ಲಿ 15-16 ರೂಪಾಯಿಗೆ ಸಿಕ್ಕವು. ಒಟ್ಟು 1,900ರ ಆಸುಪಾಸು. ಶಾಲೆಯ ಅನುದಾನದಿಂದ ಕೊಡಿ ಅಂದೆ, ಆಗಲಿಲ್ಲ. ಮೊದಲ ವರ್ಷ ನಾನೇ ಹಾಕಿದೆ. ಮನೆಯಲ್ಲಿ ಮಾತು ಕೇಳಬೇಕಾಯಿತು, ಅದು ಬಿಡಿ. ಎರಡನೇ ವರ್ಷ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಹಳೇ ವಿದ್ಯಾರ್ಥಿ ಕೊಟ್ಟ.

ವಿಷಯಕ್ಕೆ ಒಂದೇ ನಿಯಮ: ಊರಲ್ಲಿ ಸಿಗಬೇಕು, ಗೂಗಲ್‌ನಲ್ಲಿ ಸಿಗಬಾರದು. ಬೀಸುವ ಪದ, ಸೋಬಾನೆ, ಒಗಟು, ಅಡುಗೆ ಮನೆಯ ಸಾಮಾನಿನ ಹೆಸರು. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಹೊಲದ ಹೆಸರು. ಪಹಣಿಯಲ್ಲಿ (ಜಮೀನಿನ ದಾಖಲೆ) ಹೊಲದ ಗುರುತು ಸರ್ವೆ ನಂಬರ್, ಆದರೆ ಊರವರ ಬಾಯಲ್ಲಿ ಪ್ರತಿ ಹೊಲಕ್ಕೂ ಹೆಸರಿದೆ. ಬಾವಿ ಹೊಲ, ಹುಣಸೀಮರದ ಹೊಲ, ಜಗಳದ ಹೊಲ. ಎರೆಯೋ (ಕಪ್ಪು ಮಣ್ಣು) ಮಸಾರಿಯೋ (ಕೆಂಪು ಮಣ್ಣು) ಅನ್ನುವುದೂ ಕೆಲವು ಹೆಸರಲ್ಲೇ ಗೊತ್ತಾಗುತ್ತದೆ. ಒಂದೇ ಊರಿನಿಂದ ನೂರಕ್ಕೂ ಜಾಸ್ತಿ ಬಂದವು. ಆ ಹೆಸರು ಯಾಕೆ ಬಂತು ಅಂತ ಕೇಳಿದರೆ ಪ್ರತಿಯೊಂದಕ್ಕೂ ಒಂದು ಕಥೆ, ಕೆಲವಕ್ಕೆ ಎರಡು, ಒಂದು ಇನ್ನೊಂದಕ್ಕೆ ಉಲ್ಟಾ. ಇದರಲ್ಲೇ ಒಂದು ಫಜೀತಿಯೂ ಆಯಿತು. ಒಬ್ಬ ಹುಡುಗ "ಈ ಹೊಲ ಮೊದಲು ಇಂಥವರದ್ದು, ಆಮೇಲೆ ಇವರು ಹಿಡಿದರು" ಅಂತ ಅಜ್ಜ ಹೇಳಿದ್ದನ್ನು ಹಾಗೇ ಬರೆದಿದ್ದ. ಆ ಹೊಲದ ವ್ಯಾಜ್ಯ ಕೋರ್ಟಿನಲ್ಲಿತ್ತು. ಎರಡೂ ಕಡೆಯವರು ಶಾಲೆಗೇ ಬಂದರು. ಒಬ್ಬರು ಆ ಪುಟದ ಜೆರಾಕ್ಸ್ ಬೇಕು ಅಂತ ಪಟ್ಟು ಹಿಡಿದರು! ಅಂದಿನಿಂದ ಹೊಲದ ಹೆಸರು ಬರೆಯಿರಿ, ಒಡೆಯರ ಹೆಸರು ಬೇಡ ಅಂತ ಹೊಸ ನಿಯಮ ಸೇರಿತು. ನೀವು ಮಾಡಿಸುವುದಾದರೆ ಇದನ್ನು ಮೊದಲ ದಿನವೇ ಹೇಳಿಬಿಡಿ.

ಮೌಖಿಕ ಆಗುವುದೇ ಇಲ್ಲ, ಪೋರ್ಷನ್ ಮುಗಿಯುವುದಿಲ್ಲ ಅನ್ನುವುದು ಎಲ್ಲರ ತಕರಾರು. ಮೊದಲ ವರ್ಷ ನಿಜಕ್ಕೂ ಒದ್ದಾಡಿದೆ. ಒಬ್ಬಳು ಅಜ್ಜಿಯ ಕಥೆ ಹೇಳಲು ಶುರು ಮಾಡಿದರೆ ಪೀರಿಯಡ್ಡೇ ಮುಗಿಯುತ್ತಿತ್ತು, ನಿಲ್ಲಿಸಲು ನನಗೂ ಮನಸ್ಸಿರುತ್ತಿರಲಿಲ್ಲ. ಈಗ ಫೋನಿನಲ್ಲಿ ನಾಲ್ಕು ನಿಮಿಷದ ಟೈಮರ್. ಉಳಿದವರು ತಮ್ಮ ಒಂದು ಪುಟ ಬರೆಯುತ್ತಾ ಅಥವಾ ವ್ಯಾಕರಣದ ಅಭ್ಯಾಸ ಮಾಡುತ್ತಾ ಇರುವಾಗ ಒಬ್ಬೊಬ್ಬರೇ ಟೇಬಲ್ ಹತ್ತಿರ ಬರುತ್ತಾರೆ. 45 ನಿಮಿಷಕ್ಕೆ ಒಂಬತ್ತು ಹತ್ತು ಮಕ್ಕಳು. ಒಂದು ಸೆಕ್ಷನ್ ಆರೇಳು ಪೀರಿಯಡ್‌ನಲ್ಲಿ ಮುಗಿಯುತ್ತದೆ. ಇದನ್ನು ಎಫ್‌ಎ-3ಕ್ಕೇ ಇಟ್ಟುಕೊಳ್ಳಿ. ಸಂಕ್ರಾಂತಿ ದಾಟಿದರೆ ನಮ್ಮ ಕಡೆ ಮಕ್ಕಳು ಮೆಣಸಿನಕಾಯಿ ಬಿಡಿಸಲು ಹೋಗಿಬಿಡುತ್ತಾರೆ.

ಕೇಳುವುದು ಮೂರೇ ಪ್ರಶ್ನೆ. ಪುಸ್ತಕದ ಯಾವುದೋ ಒಂದು ಪುಟ ತೆಗೆದು, ಇದನ್ನು ಹೇಳುವಾಗ ಅವರು ಏನು ಮಾಡುತ್ತಿದ್ದರು? ಎರಡನೆಯದು, ಇದರಲ್ಲಿ ನಿನಗೆ ತಿಳಿಯದ ಪದ ಯಾವುದಿತ್ತು, ಯಾರನ್ನು ಕೇಳಿದೆ? ಮೂರನೆಯದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಮಕ್ಕಳೂ ಇದನ್ನು ಓದುತ್ತಾರೆ. ಒಂದು ಸುಳಿವು ಕೊಡುತ್ತೇನೆ, ಅದು ಪುಸ್ತಕದಲ್ಲಿ ಇಲ್ಲದ್ದರ ಬಗ್ಗೆ. ಹೊರಗೆ ಹೋಗದೆ ಮನೆಯಲ್ಲೇ ಕೂತು ಬರೆದವರು ಅಲ್ಲಿ ಸಿಕ್ಕಿಬೀಳುತ್ತಾರೆ. ಯಾರನ್ನು ಮೊದಲು ಕರೆಯಬೇಕು, ಯಾರನ್ನು ಕೊನೆಗೆ ಅನ್ನುವುದರಲ್ಲೂ ಒಂದು ಯುಕ್ತಿ ಇದೆ, ಅದೂ ನನ್ನ ಹತ್ತಿರವೇ ಇರಲಿ.

ಈಗ ಆ ಹಿರಿಯರ ಲೆಕ್ಕಕ್ಕೆ ಬರುತ್ತೇನೆ. 14ರ ಬದಲು 7 ಕೊಟ್ಟೆ ಅಂದುಕೊಳ್ಳಿ. ಕೊನೆಯಲ್ಲಿ ಮಗು ಕಳೆದುಕೊಳ್ಳುವುದು 7 ಭಾಗ 8, ಒಂದು ಅಂಕವೂ ಪೂರ್ತಿ ಇಲ್ಲ. ಅಂದಮೇಲೆ ನಿಜವಾದ ಅಂಕ ಕೊಡಲು ನಮಗೆ ಭಯ ಯಾಕೆ? ಬೋರ್ಡ್ ಪರೀಕ್ಷೆಯ 100ರಲ್ಲಿ ಕೈ ಬಿಗಿ ಮಾಡಿದರೆ ಮಗುವಿಗೆ ಏಟು ಬೀಳುತ್ತದೆ. ಇಲ್ಲಿ ಬೀಳುವುದಿಲ್ಲ. ಆದರೆ 7 ಅಂತ ನೋಡಿದ ಮಗುವಿಗೆ ಮಾತ್ರ ಚುರುಕು ಮುಟ್ಟುತ್ತದೆ. ನನ್ನ ಅಂಕವಹಿಯಲ್ಲಿ ಈಗ 5ರಿಂದ 15ರವರೆಗೆ ಎಲ್ಲ ಅಂಕವೂ ಇವೆ. ಕ್ಲಾಸಿನ ಮೊದಲ ರ‍್ಯಾಂಕಿನ ಹುಡುಗಿಗೆ ಒಮ್ಮೆ 6 ಬಂತು. ಅವಳ ತಾಯಿಯೂ ಶಿಕ್ಷಕಿ, ಮರುದಿನವೇ ಬಂದರು. ಭಾಗಾಕಾರ ಮಾಡಿ ತೋರಿಸಿದೆ. ಸಮಾಧಾನ ಆಯಿತು ಅಂತ ಹೇಳಲಾರೆ, ಆದರೆ ಸುಮ್ಮನೆ ಹೋದರು. ಮುಂದಿನ ಸಲ ಆ ಹುಡುಗಿ ಪಕ್ಕದ ಓಣಿಯ ಬಡಿಗೇರ ಅಜ್ಜನ ಹತ್ತಿರ ಕೂತು ಮರಗೆಲಸದ ಪದಗಳನ್ನು ಎಷ್ಟು ತಂದಳು ಅಂದರೆ ಅರ್ಧದಷ್ಟು ನನಗೇ ಗೊತ್ತಿರಲಿಲ್ಲ. 15 ಕೊಟ್ಟೆ.

ದಾಖಲೆ ನೋಡಲು ಬಂದವರು "ಪ್ರಾಜೆಕ್ಟ್ ಫೈಲ್ ಎಲ್ಲಿ?" ಅಂದರು. ನೋಟ್‌ಬುಕ್ಕಿನ ಚೀಲ ಇಟ್ಟೆ. ಒಳಗೆ ಗೀಚಾಟ, ಎಣ್ಣೆ ಕಲೆ, ಒಂದರಲ್ಲಿ ಮೇಕೆ ಕಡಿದ ಮೂಲೆ. ಅಚ್ಚುಕಟ್ಟಾಗಿಲ್ಲ ಅಂತ ಷರಾ ಬರೆದು ಹೋದರು. ಮರುವರ್ಷ ಅವರಲ್ಲೇ ಒಬ್ಬರು ಫೋನ್ ಮಾಡಿ ನಮೂನೆ ಕಳಿಸಿ ಅಂದರು. ಯಾಕೆ ಅಂತ ಗೊತ್ತಾಯಿತು. ಈಗ ಮೊಬೈಲಿನ ಎಐಗೆ ಕೇಳಿದರೆ ಐದು ಪುಟದ ಪ್ರಾಜೆಕ್ಟು ತಪ್ಪಿಲ್ಲದ ಕನ್ನಡದಲ್ಲಿ ಉದುರುತ್ತದೆ, ಫೈಲ್ ನೋಡಿ ಅಂಕ ಕೊಡುವವರಿಗೆ ದಾರಿ ಕಾಣುತ್ತಿಲ್ಲ. ನಗರದ ಸಿಬಿಎಸ್‌ಇ ಶಾಲೆಯಲ್ಲಿರುವ ಗೆಳೆಯನದ್ದೂ ಇದೇ ಗೋಳು, ಅವರಿಗೆ ಆಂತರಿಕ ಅಂಕ 20ರಲ್ಲಿ ಪೋರ್ಟ್‌ಫೋಲಿಯೋಗೇ (ಮಗುವಿನ ಕೆಲಸಗಳ ಸಂಗ್ರಹ) 5. ನನ್ನ ಕ್ಲಾಸಿನಲ್ಲೂ ಒಬ್ಬ ನಮ್ಮೂರ ಹೊಲದ ಹೆಸರುಗಳನ್ನು ಮೊಬೈಲಿಗೇ ಕೇಳಿದ. 'ಸುವರ್ಣ ಕಣಿವೆ' ಅಂತ ಬಂತು. ಗುಡ್ಡವೇ ಇಲ್ಲದ ಊರಿನಲ್ಲಿ! ಇಡೀ ಕ್ಲಾಸು ಅವನನ್ನು ಒಂದು ತಿಂಗಳು ಸುವರ್ಣ ಕಣಿವೆ ಅಂತಲೇ ಕರೆಯಿತು.

ಪಕ್ಕದಲ್ಲಿ ಇನ್ನೆರಡು ಪ್ರಯೋಗ ಮಾಡಿದೆ. ಒಂದು ಪೋಸ್ಟ್ ಕಾರ್ಡು. 50 ಪೈಸೆಯಂತೆ ಒಂದು ಸೆಕ್ಷನ್ನಿಗೆ 30 ರೂಪಾಯಿ, ಇಷ್ಟು ಅಗ್ಗದ ಪ್ರಾಜೆಕ್ಟು ಇನ್ನೊಂದಿಲ್ಲ. ಬೇರೆ ಊರಿನ ಬಂಧುವಿಗೆ ಬರೆಯಬೇಕು, ಉತ್ತರ ತರಿಸಬೇಕು. ವಿಳಾಸ ಯಾವ ಕಡೆ ಬರೆಯಬೇಕು ಅನ್ನುವುದೇ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಉತ್ತರ ಬಂದದ್ದು ಹತ್ತೋ ಹನ್ನೆರಡೋ. ಉಳಿದ ಬಂಧುಗಳು ಕಾರ್ಡು ನೋಡಿ "ಏನಾಯ್ತು, ಎಲ್ಲ ಆರಾಮಾ?" ಅಂತ ಫೋನ್ ಮಾಡಿದರು. ಉತ್ತರ ಬರುವುದು ಮಗುವಿನ ಕೈಯಲ್ಲಿ ಇಲ್ಲವಲ್ಲ, ಹಾಗಾಗಿ ಇದಕ್ಕೆ ಅಂಕ ಇಡಲಿಲ್ಲ. ಪತ್ರಲೇಖನ ಪಾಠ ಮಾತ್ರ ಆ ವರ್ಷ ಸಲೀಸಾಯಿತು.

ಇನ್ನೊಂದು, ಪೇಟೆಯ ಬೋರ್ಡುಗಳ ಕಾಗುಣಿತ. 'ಭಾಡಿಗೆ' ಅನ್ನುವುದೇ ಆರೇಳು ಕಡೆ ಸಿಕ್ಕಿತು. ಮಕ್ಕಳಿಗೆ ಭಾರೀ ಖುಷಿ, ಅಂಗಡಿಯವರಿಗೆ ಸಿಟ್ಟು. ಒಬ್ಬ ಟೈಲರ್ ಬೋರ್ಡು ತಿದ್ದಿಸಿದ. ಇನ್ನೊಬ್ಬರು ಮುಖ್ಯ ಶಿಕ್ಷಕರಿಗೆ ದೂರು ಕೊಟ್ಟರು, ಅಲ್ಲಿಗೆ ಬಿಟ್ಟೆ.

ಈ ವರ್ಷ 8ನೇ ತರಗತಿಗೂ ಶುರು ಮಾಡಿದ್ದೇನೆ. ಅವರಿಗೆ ಬರೆಯುವ ವೇಗ ಸಾಲದು. ಹೇಳುವವರು ಹೇಳಿ ಮುಗಿಸಿದರೂ ಇವರು ಎರಡನೇ ಸಾಲಿನಲ್ಲೇ ಇರುತ್ತಾರೆ. ಹಾಗಾಗಿ ಸದ್ಯ ಒಗಟು, ಗಾದೆ ಮಾತ್ರ. ನೋಟ್‌ಬುಕ್ ಬೆಲೆ 18ರ ಮೇಲೆ ಹೋಗಿದೆ, 100 ಪುಟದ್ದು ಅರ್ಧ ಖಾಲಿಯೇ ಉಳಿಯುತ್ತದೆ, ಮುಂದಿನ ಸಲ ಪ್ರೆಸ್ಸಿನವರಿಂದ ಕತ್ತರಿಸಿ ಉಳಿದ ಹಾಳೆ ತಂದು ಹೊಲಿಸಿ ನೋಡಬೇಕು. ನಮೂನೆ ಕಳಿಸಿ ಅಂತ ಕೇಳುವವರಿಗೆ: ಅಂಥ ನಮೂನೆ ಏನೂ ಇಲ್ಲ. ಒಂದು ಹಾಳೆ, ಹೆಸರಿನ ಮುಂದೆ 5ರ ಮೂರು ಕಾಲಮ್ಮು, ಕೊನೆಯಲ್ಲಿ ಷರಾಕ್ಕೆ ಸ್ವಲ್ಪ ಅಗಲ ಜಾಗ. ಸ್ಕೇಲ್ ಹಿಡಿದು ಎಳೆದುಕೊಳ್ಳಿ.